ಕಿಟಕಿ ಲಕೋಟೆ

"ಆ ಮಂಕು ಬಟರ್ ಪೇಪರ್ ಯಾರಿಗ್ ಬೇಕ್? ಮಿಂಚು ಪ್ಲಾಸ್ಟಿಕ್ಕೇ ಹಾಕುವ" ಎಂದು ಕುಂದಾಪುರದ ಪ್ರೆಸ್ಸಿನ ಮಾಲೀಕ ಯೋಗೀಶ ಪಟ್ಟು ಹಿಡಿದ. ಒಳಗಿನ ವಿಳಾಸ ಹೊರಗೆ ಕಾಣುವಂಥ ಐವತ್ತು ಸಾವಿರ ಕಿಟಕಿ ಲಕೋಟೆಗಳ ಆರ್ಡರು. ಟಪಾಲು ವಿಂಗಡಿಸುವ ಮಿಷನ್ನು ಕಿಟಕಿಯೊಳಗಿನ ವಿಳಾಸ ಓದದಿದ್ದರೆ ಅಷ್ಟೂ ವಾಪಸ್ಸು.

ಹದಿನೆಂಟು ವರ್ಷದಿಂದ ಅಲ್ಲಿ ಲಕೋಟೆ ಅಂಟಿಸುತ್ತಿದ್ದ ಕುಸುಮ ವಾದಕ್ಕೆ ಇಳಿಯಲಿಲ್ಲ. ಪ್ಲಾಸ್ಟಿಕ್ ಕಿಟಕಿಯ ಮಾದರಿ ಲಕೋಟೆಯೊಂದರಲ್ಲಿ ವಿಳಾಸದ ಕಾಗದವಿಟ್ಟು ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. "ಯೋಗೀಶಣ್ಣ, ಅಡ್ರೆಸ್ ಓದಿ ಕಾಂಬ."

ಯೋಗೀಶ ಬಗ್ಗಿ ಕಣ್ಣು ಕಿರಿದು ಮಾಡಿದ. "ಟ್ಯೂಬ್‌ಲೈಟ್ ಕಾಂತ್. ಮತ್ತೆ ನನ್ ಮೋರೆ."

"ಮಿಷನಿಗೂ ನಿಮ್ ಮೋರೆಯೇ ಕಂಡ್ರೆ, ಅದ್ ಕಾಗ್ದ ಎಲ್ಲಿಗ್ ಕಳ್ಸುದ್?"

ಯೋಗೀಶ ಅದೇ ಕಿಟಕಿಯಲ್ಲಿ ನೋಡಿಕೊಂಡು ಮೀಸೆ ತಿದ್ದಿಕೊಂಡ. ಆಮೇಲೆ ಫೋನೆತ್ತಿ ಬಟರ್ ಪೇಪರಿಗೆ ಆರ್ಡರು ಹೇಳಿದ.