ರಟ್ಟಿನ ಕೊಡಲಿ

"ಬಾಯಿ ಬಿಡಯ್ಯಾ! ಜನ್ಮದಲ್ಲಿ ಕಾಣದ್ದನ್ನು ಕಂಡವನ ಹಾಗೆ ಬೆರಗಾಗು!" ಮದರಾಸಿನಿಂದ ಬಂದಿದ್ದ ಡೈರೆಕ್ಟರ್ ಆರನೆಯ ಸಲ ಕೂಗಿದ. ಓಬಣ್ಣ ಬಾಯಿ ಬಿಡಲಿಲ್ಲ. ಅರವತ್ತು ವರ್ಷದ ಹಿಂದೆ ಕಲ್ಯಾಣದುರ್ಗದ ಗುಡ್ಡದಡಿ ಆದಿಮಾನವರ ಕಲ್ಲುಕೊಡಲಿ ಕಂಡುಹಿಡಿದ ಬಿಳಿಯ ದೊರೆಯೊಬ್ಬನ ಜೀವನಚರಿತ್ರೆಯ ಸಿನಿಮಾ ಅದು. ಹಿಂದೂಪುರದ ನಾಟಕದವನೊಬ್ಬ ಮುಖಕ್ಕೆ ಸುಣ್ಣದಂತೆ ಪೌಡರ್ ಮೆತ್ತಿಕೊಂಡು ದೊರೆಯಾಗಿದ್ದ. ಅವನು ಮಣ್ಣಿನಿಂದ ಎತ್ತಿ ತೋರಿಸುವ ರಟ್ಟಿನ ಕೊಡಲಿಯನ್ನು ನೋಡಿ ಕೂಲಿಯ ವೇಷದ ಓಬಣ್ಣ ಬೆರಗಾಗಬೇಕಿತ್ತು.

ಬೆರಗು ಎಲ್ಲಿಂದ ಬರಬೇಕು? ಅಂಥ ನುಣುಪು ಕಲ್ಲುಗಳನ್ನು ಅವನ ಮನೆಯವರು ತಲೆತಲಾಂತರದಿಂದ ಮಾರಮ್ಮನ ಕಟ್ಟೆಯ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಆ ದೊರೆಯ ಕೈಗೆ ಮೊದಲ ಕಲ್ಲು ಕೊಟ್ಟವನೇ ಓಬಣ್ಣನ ತಾತ. ಈವತ್ತು ಬೆಳಿಗ್ಗೆ ಓಬಣ್ಣನೂ ಕಟ್ಟೆಯಿಂದ ಒಂದು ನಿಜವಾದ ಕೊಡಲಿ ತಂದುಕೊಟ್ಟಿದ್ದ. "ಇದ್ಯಾವುದೋ ಹೊಳೆಗಲ್ಲು, ಹಳೇದು ಅನ್ನಿಸೋದೇ ಇಲ್ಲ" ಎಂದು ಡೈರೆಕ್ಟರ್ ಅದನ್ನು ಪಕ್ಕಕ್ಕೆ ಎಸೆದಿದ್ದ.

"ಎಂಥಾ ಜನ ಕಣಪ್ಪ ಇವ್ರು, ರಟ್ಟು ನೋಡಿ ಬಾಯ್ ಬಿಡ್ಬೇಕಂತೆ" ಎಂದು ಗೊಣಗುತ್ತ ಓಬಣ್ಣ ಏಳನೆಯ ಸಲ ಬಂದು ನಿಂತ. ಕ್ಯಾಮೆರಾ ಓಡತೊಡಗಿತು. ದೊರೆಯ ಬೆನ್ನ ಹಿಂದೆ ಸೆಟ್ಟಿನ ಮೇಸ್ತ್ರಿ ಗಾಳಿಗೆ ಕಿತ್ತುಬಂದ ಡೇರೆಯ ಗೂಟವನ್ನು ಬಡಿಯುತ್ತಿದ್ದ. ಬಡಿಯಲು ಹಿಡಿದಿದ್ದು ಕುಂಕುಮ ಇನ್ನೂ ಮಾಸದ ಆ ಕಲ್ಲನ್ನೇ. ಮೂರನೆಯ ಏಟಿಗೆ ಅದು ಎರಡು ಹೋಳಾಯಿತು. ಓಬಣ್ಣನ ಬಾಯಿ ತಾನಾಗಿ ತೆರೆದುಕೊಂಡಿತು.

"ಕಟ್!" ಡೈರೆಕ್ಟರ್ ಚಪ್ಪಾಳೆ ತಟ್ಟಿ ಕುಣಿದಾಡಿದ. "ಭಲೇ, ಬಾಗುಂದಿ! ಏನೂ ತಿಳಿಯದವನ ಬೆರಗು ಅಂದರೆ ಇದು ಕಣಯ್ಯಾ!"