ಚಿಕ್ಕಪ್ಪನ ಜೀಪಿನ ರಿವರ್ಸ್ ಗೇರ್

ಜಜ್ಜಿದ ನಿಂಬೆಹಣ್ಣಿನ ವಾಸನೆ ಬಂದರೆ ಈಗಲೂ ಇಲ್ಲದ ಬ್ರೇಕನ್ನು ನನ್ನ ಕಾಲು ಒತ್ತುತ್ತದೆ.

ಅಂದು ಆಯುಧಪೂಜೆ. ಕುಂಬಾರಕೊಪ್ಪಲಿನ ನಮ್ಮ ಮನೆಗೆ ಮುಖ ಮಾಡಿ ಚಿಕ್ಕಪ್ಪನ ಜೀಪು ನಿಂತಿತ್ತು. ಹಿಂದಕ್ಕೇ ತೆಗೆಯಬೇಕಾದ್ದರಿಂದ ಹಿಂದಿನ ಚಕ್ರಗಳ ಹಿಂದೆ ನಿಂಬೆಹಣ್ಣು ಇಟ್ಟಿದ್ದರು. ಮುಂದೆ ಅಜ್ಜಿ ಆರತಿ ತಟ್ಟೆ ಹಿಡಿದಿದ್ದಳು. ಹಿರಿಯರೆಂದು ಅಪ್ಪನೇ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ನಾನು. ಅಪ್ಪನದೂ ಅಂಥದ್ದೇ ಜೀಪು, ಇದಕ್ಕಿಂತ ಒಂದು ವರ್ಷ ಹಳೆಯದು.

"ಅಣ್ಣ, ಇದ್ರಲ್ಲಿ ಕಂಪ್ನಿಯವ್ರು ಗೇರ್‌ಬಾಕ್ಸೇ ಬದಲಾಯ್ಸವ್ರೆ," ಎಂದರು ನನ್ನ ಪಕ್ಕದ ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ.

"ನಂಗೆ ಹೇಳ್ಕೊಡ್ಬೇಡ ಕಣೋ."

ತಮ್ಮ ಜೀಪಿನಲ್ಲಿ ರಿವರ್ಸ್ ಇದ್ದ ಕಡೆಗೇ ಅಪ್ಪ ಗೇರ್ ತಳ್ಳಿದರು. ಇದರಲ್ಲಿ ಅದು ಫಸ್ಟ್. ಜೀಪು ಮುಂದಕ್ಕೆ ನುಗ್ಗಿ, ಅಜ್ಜಿಯ ಸೀರೆ ನೆರಿಗೆಗೆ ಬಂಪರ್ ತಾಗಿಸಿ ನಿಂತಿತು.

ಅಜ್ಜಿ ಕದಲಲಿಲ್ಲ. "ಈಗ ಅವ್ನು ಹೇಳೋದ್ ಕೇಳು ಮಗ," ಅಂದಳು.

ಚಿಕ್ಕಪ್ಪ ನನ್ನ ಮೇಲಿಂದ ಬಗ್ಗಿ, ಅಪ್ಪನ ಕೈಯ ಮೇಲೆ ಕೈಯಿಟ್ಟು ಗೇರ್ ಎಳೆದರು. ಹಿಂದೆ ನಿಂಬೆಹಣ್ಣು ಒಡೆಯಿತು.