ಎರಡು ಸಲ ಜಗ್ಗಿದರೆ

ಹಗ್ಗ ಎರಡು ಸಲ ಜಗ್ಗಿತು.

“ಮ್ಯಾಲ ಎಳೀರಿ!” ಎಂದು ಗೌತಮಿ ಕೂಗಿದಳು. ನೆಟ್ಟಗೆ ಕೆಳಕ್ಕಿಳಿಯುವ ಗವಿಯ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದ ಅಫ್ತಾಬ, ಮಾನಪ್ಪ ಇಬ್ಬರೂ ಕಾಲೂರಿ ಹಿಂದಕ್ಕೆ ಬಾಗಿದರು. ಅಷ್ಟರಲ್ಲಿ ಪೊದೆಯ ಮರೆಯಿಂದ ಜೈನುದ್ದೀನ ಎದ್ದುಬಿದ್ದು ಓಡಿ ಬಂದು ಅವರ ಕೈಗಳನ್ನು ಗಟ್ಟಿಯಾಗಿ ಹಿಡಿದ.

“ಎಳೀಬ್ಯಾಡ್ರಿ! ಒಂದು ಗೇಣು ಸಡ್ಲ ಬಿಡ್ರಿ!”

ಒಳಗೆ ಇಳಿದಿದ್ದವಳು ಅವನ ಮಗಳು ಸಗೀರಾ, ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗುಡ್ಡ ಹತ್ತಿ ಗವಿ ಇಳಿಯುವುದನ್ನು ಕಲಿಸುವ ಸಿಂದಗಿಯ ಗೌತಮಿ ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಶನಿವಾರ ಭಾನುವಾರಕ್ಕೆಂದು ಖಾನಾಪುರದಾಚೆಯ ಗುಡ್ಡಕ್ಕೆ ಹೊರಟಾಗ ಸಗೀರಾಳ ತಾಯಿ ಒಂದೇ ಮಾತು ಹೇಳಿದ್ದಳು: ಅಬ್ಬಾ ಜೊತೆಗಿದ್ದರೆ ಹೋಗು. ಮಗಳದೂ ಒಂದೇ ಮಾತು: ಬರಲಿ, ಆದರೆ ಟೆಂಟ್ ಬಿಟ್ಟು ಏಳಬಾರದು. “ಇಪ್ಪತ್ನಾಕು ವರ್ಷದಾಕಿ ಹಿಂದ ಅಪ್ಪ ಅಡ್ಡಾಡಿದ್ರ ಮಂದಿ ನಗ್ತಾರ, ಅಬ್ಬಾ.” ಜೈನುದ್ದೀನ ಹೂಂ ಅಂದಿದ್ದ. ಹೂಂ ಅಂದರೆ ಗಂಟೇನು ಹೋಗುತ್ತದೆ? ಮನೆಯಲ್ಲಿ ಮಂಚವಿದ್ದೂ ಗುಡ್ಡದ ಮೇಲೆ ಬಂದು ಬಟ್ಟೆಯ ಗೂಡಿನಲ್ಲಿ ಮಲಗುವ ಇವರ ಹುಚ್ಚಿಗೆ ಒಳಗೊಳಗೇ ನಕ್ಕು, ಬೆಳಿಗ್ಗೆ ಅವರೆಲ್ಲ ಗವಿಯ ಕಡೆ ಹೊರಟದ್ದೇ ತಡ, ನೂರು ಹೆಜ್ಜೆ ಹಿಂದೆ ಉಳಿದು ತಾನೂ ಬಂದಿದ್ದ.

“ಚಾಚಾ, ಕೈ ತಗೀರಿ.” ಗೌತಮಿಯ ದನಿ ಗಡುಸಾಯಿತು. “ಒಂದು ಸಲ ಅಂದ್ರ ತಳ ಮುಟ್ಟೇನಿ, ಎರಡು ಸಲ ಅಂದ್ರ ಎಳೀರಿ. ನಿನ್ನಿ ಸಂಜೀಕ ಎಲ್ಲಾರಿಗೂ ಹೇಳಿಕೊಟ್ಟೇನಿ. ನಿಮ್ಮ ಮಗಳೇ ಎಲ್ಲಾರಕಿಂತ ಮೊದಲು ಒಪ್ಪಿಸಿದ್ಲು.”

“ನಿಮ್ಮದು ಖರೇ ಐತ್ರಿ ಬಾಯಾರ. ಆದ್ರ ನಮ್ಮ ಬಾವ್ಯಾಗ ಎರಡಂದ್ರ ಎಳೀಬ್ಯಾಡ, ಸಡ್ಲ ಬಿಡು ಅಂತ.”

“ಇದು ಬಾವಿ ಅಲ್ರಿ!”

“ಒಳಗಿರಾಕಿ ನನ್ನ ಮಗಳು ಅದಾಳ್ರಿ.”

ಝಳಕಿಯ ಸುತ್ತಮುತ್ತ ಮೂವತ್ತು ವರ್ಷ ಬಾವಿ ತೋಡಿದವನು ಜೈನುದ್ದೀನ. ಅವನು ನೆಲದೊಳಗೆ ಇಳಿದದ್ದು ಹೊಟ್ಟೆಪಾಡಿಗೆ. ಮಗಳು ಇಳಿಯುವುದು ಹುಮ್ಮಸ್ಸಿಗೆ. ಎಂಟಾಳು ಹತ್ತಾಳು ಆಳದಲ್ಲಿ ಕೂಗಿದ್ದು ಮೇಲಿನವರಿಗೆ ತಿಳಿಯುವುದಿಲ್ಲ, ಹಗ್ಗವೇ ಮಾತಾಡಬೇಕು. ಒಂದು ಜಗ್ಗಿದರೆ ಎಳಿ, ಎರಡು ಜಗ್ಗಿದರೆ ಸಡಿಲ ಬಿಡು. ಸಗೀರಾ ಸಣ್ಣವಳಿದ್ದಾಗ ಬಾವಿಯ ದಂಡೆಯಲ್ಲಿ ಕೂತು, ಅಬ್ಬಾನ ಹಗ್ಗಕ್ಕೆ ಕೈ ಹಚ್ಚಿ ಇದನ್ನೆಲ್ಲ ಕಲಿತಿದ್ದಳು. ಅಕ್ಷರ ಕಲಿತದ್ದು ಆಮೇಲೆ. ಆದರೆ ಅದು ಆಗಿನ ಮಾತು. ಈಗ ಅವಳು ನಾಲ್ಕು ಮಂದಿಗೆ ಪಾಠ ಹೇಳುವವಳು, ನಿನ್ನೆ ಕಲಿತದ್ದನ್ನು ಇವತ್ತು ಮರೆಯುವ ಪೈಕಿ ಅಲ್ಲ. ಗೌತಮಿ ಹೇಳಿಕೊಟ್ಟಂತೆಯೇ ಜಗ್ಗಿದ್ದರೆ? ಕತ್ತಲಲ್ಲಿ ಉಸಿರು ಕಟ್ಟಿ, ಎಳೆಯಲಿ ಎಂದು ಕಾಯುತ್ತಿದ್ದರೆ? ತನ್ನ ಮಗಳನ್ನು ತಾನೇ ಕೈಯಾರೆ ಕೊಂದಂತೆ.

“ಅಂಜಿದಾಗ ನಿನ್ನಿ ಕಲ್ತದ್ದು ನೆನಪಿಗೆ ಬರಂಗಿಲ್ರಿ,” ಅಂದ, ಗೌತಮಿಗೋ ತನಗೋ. ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡು ಒಂದೇ ಒಂದು ಗೇಣು ಸಡಿಲ ಬಿಟ್ಟ.

ಏನೂ ಆಗಲಿಲ್ಲ. ಮಾನಪ್ಪ ಬಗ್ಗಿ “ಸಗೀರಾ ಟೀಚರ್!” ಎಂದು ಕೂಗಿದ, ಅವನ ಕೂಗೇ ಅವನಿಗೆ ವಾಪಸ್ಸು ಬಂತು. ಗೌತಮಿ ತಾನೇ ಇಳಿಯುತ್ತೇನೆಂದು ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಕೊಳ್ಳತೊಡಗಿದಳು. ದಿನಾ ಕಟ್ಟುವ ಗಂಟು ಎರಡು ಸಲ ತಪ್ಪಿತು. ಜೈನುದ್ದೀನ ತನಗೆ ಬರುವ ದುವಾ ಎಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ.

ಆಗ ಹಗ್ಗ ಜಗ್ಗಿತು. ಒಂದು ಸಲ.

“ಈಗ ಎಳೀರಿ!”

ಈ ಸಲ ಗೌತಮಿ ವಾದ ಮಾಡಲಿಲ್ಲ, ತಾನೂ ಬಂದು ಹಗ್ಗಕ್ಕೆ ಕೈ ಕೊಟ್ಟಳು. ಮೊದಲು ಹಳದಿ ಹೆಲ್ಮೆಟ್ಟು ಕಾಣಿಸಿತು, ಆಮೇಲೆ ಕೆಸರು ಮೆತ್ತಿದ ಮುಖ. ಒಂದು ಕಾಲಲ್ಲಿ ಬೂಟಿತ್ತು. ಇನ್ನೊಂದು ಬರಿಗಾಲು, ಹರಡಿನ ಮೇಲೆ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಆದರೂ ಸಗೀರಾ ಆ ಕಾಲೂರಿ ನಿಂತಳು. ಹೋದ ಜೀವ ಬಂದಂತಾಗಿ ಜೈನುದ್ದೀನ ಮಗಳ ಕಾಲ ಬಳಿ ಕೂತ. ಅಳುವೋ ನಗುವೋ ಅವನಿಗೇ ತಿಳಿಯಲಿಲ್ಲ, ಎರಡನ್ನೂ ಮಾಡಿದ.

“ಇಳಿಯೂಮುಂದ ಬೂಟು ಕಲ್ಲಿನ ಸಂದ್ಯಾಗ ಸಿಕ್ಕೊಂಡ್ತು,” ಗಟಗಟನೆ ನೀರು ಕುಡಿದು ಸಗೀರಾ ಹೇಳಿದಳು. “ಹಗ್ಗ ಸಡ್ಲ ಆತಂತ ಬಗ್ಗಿ ಲೇಸು ಬಿಚ್ಚಿ ಕಾಲು ತಕ್ಕೊಂಡ್ನಿ. ನೀವು ಆವಾಗ ಎಳದಬಿಟ್ಟಿದ್ರ ಕಾಲು ಅಲ್ಲೇ ಮುರೀತಿತ್ತು.”

“ಮತ್ತ ನಿನ್ನಿ ಒಪ್ಪಿಸಿದ್ದು ಎಲ್ಲಿ ಹೋತು?” ಗೌತಮಿಗೆ ಬೈಯಬೇಕೆಂದಿತ್ತು, ಬೈಯುತ್ತಲೇ ಅವಳನ್ನು ಅಪ್ಪಿಕೊಂಡಳು.

“ಎರಡು ಸಲ ಜಗ್ಗಿದ ಮ್ಯಾಲ ನೆನಪಾತು, ಅಕ್ಕಾ. ಅಷ್ಟರಾಗ ಕೈ ಮೀರಿ ಹೋಗಿತ್ತು. ಇನ್ನ ಎಳೀತಾರ, ಕಾಲು ಮುರೀತೈತಿ ಅಂತ ಕಣ್ಣು ಮುಚ್ಚಿ ಕಾಯಾಕತ್ತಿದ್ನಿ.”

ಜೈನುದ್ದೀನ ಹೆಗಲ ಮೇಲಿನ ಟವೆಲ್ಲಿನಿಂದ ಮಗಳ ಬರಿಗಾಲಿನ ಕೆಸರು ಒರೆಸುತ್ತಿದ್ದ, ತಲೆ ಎತ್ತಲಿಲ್ಲ. ಟೆಂಟ್ ಬಿಟ್ಟು ಬಂದದ್ದಕ್ಕೆ ಬೈಸಿಕೊಳ್ಳುವುದು ಇನ್ನು ತನ್ನ ಪಾಳಿ ಎಂದು ಅವನ ಎಣಿಕೆ.

“ನಾ ಹಿಂದ ಬಂದಿದ್ದಿಲ್ಲ, ಬೇಟಾ. ಸುಮ್ಮ ಅಡ್ಡಾಡಕೋತ ಈಗಷ್ಟ ಈ ಕಡೆ…”

“ಸುಳ್ಳು ಹೇಳಬ್ಯಾಡ, ಅಬ್ಬಾ,” ಅಂದಳು ಸಗೀರಾ. “ಇಲ್ಲಂದ್ರ ಆಮ್ಯಾಲ ಎಳೀಲಿ ಅಂತ ಒಂದೇ ಸಲ ಯಾಕ ಜಗ್ಗತಿದ್ನಿ? ಹಗ್ಗ ಒಂದು ಗೇಣು ಸಡ್ಲ ಆದಾಗನ ನನಗ ಗೊತ್ತಾತು, ನೀ ಟೆಂಟ್‌ನ್ಯಾಗ ಇಲ್ಲ ಅಂತ.”